ತಮ್ಮನ ಬಾಗಿಲು ಮಂತ್ರ

ಹೈದರಾಬಾದಿನಲ್ಲಿ ಎಲ್ಲರಿಗೂ ಕೆಲಸ ಸಿಗುತ್ತಿದ್ದ ಕಾಲದಲ್ಲಿ ನನ್ನ ತಮ್ಮನಿಗೆ ಸಿಗಲಿಲ್ಲ. ಹೀಗೆ ಒಂದು ಸಾಲಿನಲ್ಲಿ ಬರೆದುಬಿಡಲು ನನಗೆ ಇಷ್ಟು ವರ್ಷ ಬೇಕಾಯಿತು. ಆಗ ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಪಕ್ಕದ ಮನೆಯ ಹುಬ್ಬಳ್ಳಿಯವರು ವಿಚಾರಿಸಿದರೆ ಅವ್ವ, "ಅವಂದೂ ನಡದೈತ್ರಿ" ಎನ್ನುತ್ತಿದ್ದಳು. ಏನು ನಡೆದಿದೆ ಎಂದು ಅವರೂ ಮುಂದೆ ಕೇಳುತ್ತಿರಲಿಲ್ಲ.

ಅಪ್ಪ ಗದಗಿನ ಕಡೆಯವರು. ರೈಲ್ವೆಯಲ್ಲಿ ಗುಮಾಸ್ತರಾಗಿ ಸೇರಿ, ವರ್ಗವಾಗಿ ಸಿಕಂದರಾಬಾದಿಗೆ ಬಂದವರು ಅಲ್ಲಿಯೇ ಉಳಿದುಬಿಟ್ಟರು. ಮಲ್ಕಾಜ್‌ಗಿರಿಯ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೂ ಬೆಳೆದೆವು. ಒಳಗೆ ಕನ್ನಡ, ಅಂಗಳಕ್ಕೆ ಬಂದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ನಾನು ದೊಡ್ಡವಳು. ಡಿಗ್ರಿ ಮುಗಿಸಿದ ಕೂಡಲೇ ಬೇಗಂಪೇಟೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಕೆಲಸ ಸಿಕ್ಕಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ನಾನು ಅಂಥ ಜಾಣೆಯೇನೂ ಅಲ್ಲ. ಆ ವರ್ಷ ಅವರಿಗೆ ಜನ ಬೇಕಾಗಿತ್ತು, ಅಷ್ಟೆ.

ಜಾಣ ಎಂದರೆ ತಮ್ಮ. ಎಂಜಿನಿಯರಿಂಗಿನಲ್ಲಿ ಒಳ್ಳೆಯ ಅಂಕಗಳಿದ್ದವು. ಅಮೀರ್‌ಪೇಟೆಯ ತರಬೇತಿ ಅಂಗಡಿಗಳಲ್ಲಿ ಒಂದಾದ ಮೇಲೊಂದು ಕೋರ್ಸು ಮುಗಿಸಿದ. ಬರವಣಿಗೆಯ ಪರೀಕ್ಷೆಗಳನ್ನೆಲ್ಲ ಸಲೀಸಾಗಿ ದಾಟುತ್ತಿದ್ದ. ಸಂದರ್ಶನದ ಕೋಣೆಯಲ್ಲಿ ಕೂತೊಡನೆ ಅವನ ಮಾತು ನಿಂತುಹೋಗುತ್ತಿತ್ತು. "ನಿಮ್ಮ ಬಗ್ಗೆ ಹೇಳಿ" ಎಂದರೆ ಹೆಸರು ಹೇಳಿ ಸುಮ್ಮನಾಗುತ್ತಿದ್ದ.

"ಉತ್ತರ ನನಗ ಗೊತ್ತಿರತೈತಿ ಅಕ್ಕಾ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದ. "ಆದ್ರ ನಾ ಬಾಯಿ ತಗಿಯೂದ್ರಾಗ ಅವ್ರ ಮಾರಿ ಮ್ಯಾಲೆ 'ಮುಗೀತು' ಅಂತ ಬಂದುಬಿಟ್ಟಿರತೈತಿ. ಅದನ್ನ ನೋಡಿದ ಮ್ಯಾಲೆ ಏನ್ ಹೇಳೂದು?"

ಜೊತೆಗೆ ಓದಿದವರು ಒಬ್ಬೊಬ್ಬರಾಗಿ ಕೊರಳಿಗೆ ಗುರುತಿನ ಟ್ಯಾಗು ನೇತುಹಾಕಿಕೊಂಡು ಕಂಪನಿ ಬಸ್ಸು ಹತ್ತಿದರು. ಇವನು ಮೊದಮೊದಲು ಅವರ ಮನೆಗೆ ಹೋಗುವುದನ್ನು ಬಿಟ್ಟ, ಆಮೇಲೆ ಅವರು ಸಿಗುವ ರಸ್ತೆಗಳನ್ನು ಬಿಟ್ಟ. ಕೊನೆಗೆ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದೇ ಹೆಚ್ಚಾಯಿತು. ಅಪ್ಪ ಮಾತ್ರ ದಿನಾ ಆಫೀಸಿನಿಂದ ಬಂದವರು ಬೂಟು ಬಿಚ್ಚುತ್ತ ಆ ಕೋಣೆಯ ಕಡೆ ಒಮ್ಮೆ ನೋಡಿ, ಏನೂ ಅನ್ನದೆ ಕೈಕಾಲು ತೊಳೆಯಲು ಹೋಗುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತಿತ್ತು.

ಅಂಥ ಸಮಯದಲ್ಲಿ ನಮ್ಮ ಆಫೀಸಿನ ಟೀಮ್ ಲೀಡ್ ಅಮೆರಿಕದಿಂದ ವಾಪಸಾದರು. ಮೈಸೂರಿನವರು, ಎತ್ತರದ ಆಳು, ಯಾರ ಮೇಲೂ ದನಿ ಏರಿಸದವರು. ಒಂದೂವರೆ ವರ್ಷ ಅಲ್ಲಿದ್ದು ಬಂದವರು ಎಲ್ಲರಂತೆ ಚಾಕೊಲೇಟಿನ ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ಒಂದು ಚೀಲ ದಾಳಗಳನ್ನೂ ತಂದಿದ್ದರು. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಅದೊಂದು ಆಟ. ಹಾಸೂ ಇಲ್ಲ, ಕಾಯಿಗಳೂ ಇಲ್ಲ. ಒಬ್ಬರು ಕಥೆ ಹೇಳುತ್ತ ಹೋಗಬೇಕು: ಇಲ್ಲೊಂದು ಕೋಟೆ ಇದೆ, ಒಳಗೆ ರಾಕ್ಷಸನಿದ್ದಾನೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಆಗ ತಾವೇನು ಮಾಡುತ್ತೇವೆ ಎಂದು ಹೇಳಬೇಕು. ಆದೀತೋ ಆಗದೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ಹೇಳುವವರನ್ನು ನಾವು ಸೂತ್ರಧಾರ ಎಂದು ಕರೆದೆವು. ಮೈಸೂರಿನವರೇ ಸೂತ್ರಧಾರ.

ಶನಿವಾರ ಮಧ್ಯಾಹ್ನ ಅವರ ಬಾಡಿಗೆ ಮನೆಯಲ್ಲಿ ಸೇರುತ್ತಿದ್ದೆವು. ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿ. ಆಗಿನ್ನೂ ಅಲ್ಲಿಯೇ ವಿಮಾನ ಇಳಿಯುತ್ತಿದ್ದ ಕಾಲವಾದ್ದರಿಂದ ಆಗಾಗ ಎಲ್ಲರೂ ಮಾತು ನಿಲ್ಲಿಸಿ ಸದ್ದು ಹೋಗುವವರೆಗೆ ಕಾಯಬೇಕಿತ್ತು. ಉಡುಪಿ ಕಡೆಯ ಒಬ್ಬ ಹುಡುಗಿ ಕತ್ತಿ ಹಿಡಿದ ವೀರೆಯಾದಳು. ವಾರಂಗಲ್ಲಿನ ಒಬ್ಬ ಸಹೋದ್ಯೋಗಿ ಬೀಗ ಒಡೆಯುವ ಕಳ್ಳನಾದ. ಗುಲ್ಬರ್ಗಾದಲ್ಲಿ ಎಂಜಿನಿಯರಿಂಗ್ ಓದಿದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು. ನಾನು ಬಿಲ್ಲುಗಾರ್ತಿ. ಒಬ್ಬ ಮಾಂತ್ರಿಕನಿಲ್ಲದೆ ಆಟ ಕಟ್ಟುವುದಿಲ್ಲ ಎಂದು ಸೂತ್ರಧಾರರು ಹೇಳಿದಾಗ ನಾನು, "ನನ್ನ ತಮ್ಮನನ್ನು ಕರೆದುಕೊಂಡು ಬರಲಾ?" ಎಂದೆ.

ಅವನು ಬರಲು ಒಪ್ಪಿದ್ದೇ ನನಗೆ ಆಶ್ಚರ್ಯ. ಪುಸ್ತಕವನ್ನು ಒಂದು ವಾರ ಮೊದಲೇ ಒಯ್ದು ಕೊಟ್ಟಿದ್ದೆ. ಆ ಒಂದು ವಾರ ಅವನು ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ.

ಹೊಸ ಮಾಂತ್ರಿಕನಿಗೆ ಕೆಲವೇ ಸಣ್ಣ ಮಂತ್ರಗಳನ್ನು ಆರಿಸಿಕೊಳ್ಳುವ ಅವಕಾಶವಿರುತ್ತದೆ. ಎಲ್ಲರೂ ಬೆಂಕಿ ಉಗುಳುವುದು, ಮಿಂಚು ಹೊಡೆಯುವುದು, ಇಂಥವನ್ನೇ ಆರಿಸುತ್ತಾರಂತೆ. ಇವನು ಯಾರೂ ಕೇಳದ ಒಂದು ಮಂತ್ರವನ್ನು ಆರಿಸಿದ. ಮಾಂತ್ರಿಕ ಕೈಚಾಚಿ ತೋರಿಸಿದ ಗೋಡೆಯಲ್ಲಿ ಒಂದು ಬಾಗಿಲು ಮೂಡುತ್ತದೆ, ಸ್ವಲ್ಪ ಹೊತ್ತು ತೆರೆದಿದ್ದು ಮಾಯವಾಗುತ್ತದೆ. ಅಷ್ಟೇ ಅದರ ಕೆಲಸ.

"ಇದ್ಯಾಕೆ? ಬೆಂಕಿದು ತಗೊಳ್ಳಿ, ಜೀವ ಉಳಿಯುತ್ತೆ," ಎಂದರು ಸೂತ್ರಧಾರರು.

"ಇರ್ಲ್ರಿ ಸರ್," ಎಂದ ತಮ್ಮ.

ಮೊದಲ ಶನಿವಾರ ಅವನು ಹೆಚ್ಚುಕಡಿಮೆ ಮಾತೇ ಆಡಲಿಲ್ಲ. ಎರಡನೆಯ ಶನಿವಾರ ಒಂದು ಗೋಪುರದ ಮೇಲಂತಸ್ತಿನಲ್ಲಿ ನಮಗೊಬ್ಬ ದೈತ್ಯ ಎದುರಾದ. ವೀರೆ ಪೆಟ್ಟು ತಿಂದು ಬಿದ್ದಿದ್ದಳು. ಕಳ್ಳ ಕಂಬದ ಹಿಂದೆ ಅಡಗಿದ್ದ. ನನ್ನ ಬಾಣಗಳು ಒಂದೂ ತಾಗಿರಲಿಲ್ಲ. ಎಲ್ಲರೂ ಸತ್ತೆವು ಎಂದುಕೊಂಡಿದ್ದಾಗ ತಮ್ಮ ಕೈಯೆತ್ತಿದ, ಶಾಲೆಯಲ್ಲಿ ಎತ್ತುವ ಹಾಗೆ.

"ಸರ್, ಒಂದ್ ಕೇಳ್ಲ್ಯಾ? ಅಂವ ನಿಂತಿದ್ದು ಎಷ್ಟನೇ ಅಂತಸ್ತು?"

"ಮೂರನೇದು."

"ಹಂಗಾದ್ರ ಅವನ ಕಾಲಕೆಳಗಿನ ನೆಲ ಅಂದ್ರ ಕೆಳಗಿನ ಖೋಲಿಗೆ ಮಾಳಿಗಿ ಆತು. ಮಾಳಿಗಿ ಅಂದ್ರ ಮಲಗಿದ ಗೋಡಿ. ಹೌದಲ್ರಿ? ನಾ ಅವನ ಕಾಲಬುಡಕ ಬಾಗಲಾ ತಗೀತೀನಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸೂತ್ರಧಾರರು ನಗಲು ಶುರುಮಾಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದೈತ್ಯ ಕೆಳಗಿನ ಕೋಣೆಗೆ ತಲೆಕೆಳಗಾಗಿ ಬಿದ್ದು ಸತ್ತ. ವಾರಂಗಲ್ಲಿನವನು ತಮ್ಮನ ಬೆನ್ನು ತಟ್ಟಿ, "ಅರೆ ಯಾರ್, ನೀ ಎಲ್ಲಿದ್ದಿ ಇಷ್ಟ್ ದಿನ?" ಎಂದ. ಉಡುಪಿಯ ಹುಡುಗಿ ತನ್ನ ಪಾಲಿನ ಮಿರ್ಚಿ ಬಜ್ಜಿಯನ್ನು ಅವನ ತಟ್ಟೆಗೆ ಹಾಕಿದಳು.

ವಾಪಸ್ ಬರುವಾಗ ರೈಲಿನಲ್ಲಿ ಅವನು ಬಾಯಿ ಮುಚ್ಚಲಿಲ್ಲ. ಸಿಕಂದರಾಬಾದಿನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯುವಾಗಲೂ ಅದೇ ಮಾತು. ಮನೆಯಲ್ಲಿ ಊಟಕ್ಕೆ ಕೂತವನು ಎರಡನೆಯ ಸಲ ರೊಟ್ಟಿ ಕೇಳಿದ. ಅವ್ವ ಒಲೆಯ ಮುಂದಿನಿಂದಲೇ ನನ್ನ ಕಡೆ ತಿರುಗಿ, "ಏನ್ ಮಾಡಿದ್ಯವಾ ಇವಂಗ?" ಎಂದಳು. ಅವಳ ದನಿಯಲ್ಲಿ ಇದ್ದ ಆಸೆ ಈಗಲೂ ನನಗೆ ಕೇಳಿಸುತ್ತದೆ.

ಮುಂದಿನ ವಾರಗಳಲ್ಲಿ ಆ ಬಾಗಿಲು ಮಂತ್ರದಿಂದ ಅವನು ಮಾಡದೆ ಬಿಟ್ಟದ್ದಿಲ್ಲ. ನಮ್ಮನ್ನು ಅಟ್ಟಿಸಿಕೊಂಡು ಬಂದ ಸೈನ್ಯದ ಮೇಲೆ ಅಣೆಕಟ್ಟೆಯ ಗೋಡೆಯಲ್ಲಿ ಬಾಗಿಲು ತೆರೆದ. ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತಿದ್ದ ತೋಳಗಳ ಹಿಂಡನ್ನು ಹಾಗೆಯೇ ನೀರಿಗೆ ಕೆಡವಿದ. ಯಾರೂ ಒಳಹೋಗಲಾರದ ಖಜಾನೆಗೆ ಹಿಂದಿನಿಂದ ನುಗ್ಗಿದ. ಸೂತ್ರಧಾರರು ಎರಡು ರಾತ್ರಿ ಕೂತು ಕಟ್ಟಿದ ಚಕ್ರವ್ಯೂಹದಂಥ ನೆಲಮಾಳಿಗೆಯನ್ನು ಚಹಾ ಆರುವಷ್ಟರಲ್ಲಿ ಅಡ್ಡಡ್ಡ ದಾಟಿಬಿಟ್ಟ. ಪ್ರತಿ ಸಲವೂ ಮೊದಲು ಕೈಯೆತ್ತುತ್ತಿದ್ದ. "ಸರ್, ಒಂದ್ ಕೇಳ್ಲ್ಯಾ?" ಅವನು ಹಾಗೆಂದರೆ ಎಲ್ಲರೂ ದಾಳ ಕೆಳಗಿಡುತ್ತಿದ್ದರು.

ಮೊದಮೊದಲು ನಗುತ್ತ ಇಡುತ್ತಿದ್ದರು. ಆಮೇಲೆ ನಗು ಕಡಿಮೆಯಾಯಿತು.

ಮೊದಲು ಬಾಯಿಬಿಟ್ಟವಳು ಉಡುಪಿಯ ಹುಡುಗಿ. ತಮ್ಮ ನೀರು ಕುಡಿಯಲು ಒಳಗೆ ಹೋಗಿದ್ದಾಗ ಹೇಳಿದಳು. "ನಾನು ಕತ್ತಿ ಹಿಡಿದು ನಿಲ್ಲುವುದು ಫೋಟೋ ತೆಗೆಸಿಕೊಳ್ಳಲಿಕ್ಕಾ ಮಾರಾಯ್ರೆ? ವಾರವಿಡೀ ಆಫೀಸಿನಲ್ಲಿ ಬೈಸಿಕೊಳ್ಳುವುದು ಉಂಟು. ಇದೊಂದು ಮಧ್ಯಾಹ್ನ ಏನಾದರೂ ಹೊಡೆಯುವ ಅಂತ ಬಂದರೆ, ನಾನು ಕತ್ತಿ ಎತ್ತುವ ಮೊದಲೇ ಎಲ್ಲ ಗುಂಡಿಗೆ ಬಿದ್ದಾಗಿರುತ್ತದೆ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಾರಂಗಲ್ಲಿನವನು ಸೇರಿಸಿದ: "ನನ್ನ ಕಥಿ ಕೇಳ್ರಿ. ಅಂವ ಬಾಗಲಾನೇ ಮಾಡ್ತಾನ ಅಂದ್ರ, ನನ್ನ ಬೀಗ ತಗಿಯೋ ವಿದ್ಯಾ ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲ್ಯಾ?"

ಸೂತ್ರಧಾರರು ಮಂತ್ರವನ್ನು ಉಳಿದವರ ಬಲದ ತೂಕಕ್ಕೆ ತರಬೇಕು ಎಂದು ನಿರ್ಧರಿಸಿದರು. ಪುಸ್ತಕ ಬರೆದವರು ಯೋಚಿಸದೆ ಬಿಟ್ಟದ್ದನ್ನು ಅವರವರ ಗುಂಪಿನ ಸೂತ್ರಧಾರರು ಸರಿಪಡಿಸಿಕೊಳ್ಳುವುದು ಆ ಆಟದಲ್ಲಿ ಸಾಮಾನ್ಯವಂತೆ. ಅವರು ತಮ್ಮನನ್ನು ಬಾಲ್ಕನಿಗೆ ಕರೆದು ಸಮಾಧಾನವಾಗಿ ವಿವರಿಸಿದರು. ಇನ್ನು ಮೇಲೆ ಬಾಗಿಲು ನಿಂತಿರುವ ಗೋಡೆಯಲ್ಲಿ ಮಾತ್ರ ಮೂಡಬೇಕು, ನೆಲ ಮಾಳಿಗೆ ಲೆಕ್ಕಕ್ಕಿಲ್ಲ. ಅವನಿಗೆ ಬೇಜಾರಾದೀತು ಎಂದು ನಾನು ಬಾಗಿಲ ಹತ್ತಿರವೇ ನಿಂತಿದ್ದೆ.

ತಮ್ಮ ತಲೆಯಾಡಿಸಿದ. "ಬರೋಬ್ಬರಿ ಐತ್ರಿ ಸರ್. ಆದ್ರ ಅಷ್ಟಕ್ಕ ಬಿಟ್ರ ಇನ್ನೂ ಒಂದ್ ಸಂದಿ ಉಳೀತೈತಿ. ಅಣೆಕಟ್ಟಿ, ಹಡಗು, ಇವುಕ್ಕೂ ನಿಂತ ಗೋಡಿ ಇರ್ತಾವಲ್ರಿ. ನೀರ್ ತಡದಿದ್ದ ಗೋಡಿಗೆ ಆಗೂದಿಲ್ಲ ಅಂತ ಅದನ್ನೂ ಸೇರಸ್ರಿ."

ಸೂತ್ರಧಾರರು ಅವನ ಮುಖವನ್ನೇ ನೋಡಿದರು. ಆಮೇಲೆ ಅದನ್ನೂ ಸೇರಿಸಿದರು.

ಇದು ಹೀಗೆಯೇ ಮುಂದುವರಿಯಿತು. ಅವರು ಒಂದು ಕಟ್ಟು ಹಾಕುವರು, ಇವನು ಅದರಲ್ಲಿ ಉಳಿದ ತೂತನ್ನು ತಾನೇ ತೋರಿಸಿಕೊಡುವನು. ಕೋಟೆಯ ಬುಡದಲ್ಲಿ ಬಾಗಿಲು ತೆರೆದರೆ ಗೋಡೆಯೇ ಕುಸಿಯಬಹುದು, ಹಾಗಾಗಿ ದಪ್ಪ ಗೋಡೆಗಳನ್ನು ಬಿಡಬೇಕು. ದೂರದಿಂದ ತೋರಿಸಿ ತೆರೆಯುವುದು ಅಪಾಯ, ಮುಟ್ಟಿಯೇ ತೆರೆಯಬೇಕು. ಬಾಗಿಲು ಮುಚ್ಚುವಾಗ ಮಧ್ಯದಲ್ಲಿ ಯಾರಾದರೂ ನಿಂತಿದ್ದರೆ ತುಂಡಾಗುತ್ತಾರೆ, ಹಾಗಾಗಿ ಕಾದಾಟದ ವೇಳೆ ಬಳಸಲೇಬಾರದು. ಆಫೀಸಿನಲ್ಲಿ ನನಗೆ ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಅವನು ನನಗಿಂತ ನೂರು ಪಾಲು ಚೆನ್ನಾಗಿ ಮಾಡುತ್ತಿದ್ದ, ತನ್ನದೇ ಮಂತ್ರದ ಮೇಲೆ. ಸುಳ್ಳು ಹೇಳಿ ಒಂದು ಸಂದಿಯನ್ನು ಬಚ್ಚಿಟ್ಟುಕೊಳ್ಳಬಹುದಿತ್ತು. ಅವನಿಗೆ ಅದು ಬರುತ್ತಿರಲಿಲ್ಲ. ಸಂದರ್ಶನಗಳಲ್ಲಿಯೂ ಅವನ ಕಷ್ಟ ಅದೇ ಇದ್ದಿರಬಹುದು.

ನಾನು ಸೂತ್ರಧಾರರ ಜೊತೆ ಆಫೀಸಿನ ಕ್ಯಾಂಟೀನಿನಲ್ಲಿ ವಾದ ಮಾಡಿದೆ.

"ಅವನದನ್ನ ಕತ್ತರಿಸೋ ಬದಲು ಉಳಿದವರಿಗೂ ಬಲ ಕೊಡಬಹುದಲ್ಲ ಸರ್?"

"ಕೊಡಬಹುದು. ಆಮೇಲೆ ನಾನು ರಾಕ್ಷಸರಿಗೂ ಬಲ ಕೊಡಬೇಕಾಗುತ್ತೆ. ಇಲ್ಲದಿದ್ರೆ ನೀವು ನಾಲ್ವರೂ ಎದುರು ಬಂದಿದ್ದನ್ನೆಲ್ಲ ಒರೆಸಿಹಾಕ್ತೀರಿ."

ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಪ್ರಯತ್ನಿಸಿದರು. ವೀರೆಯ ಕತ್ತಿಗೆ ಬೆಂಕಿ ಬಂತು, ಕಳ್ಳನಿಗೆ ಅದೃಶ್ಯನಾಗುವ ಅಂಗಿ ಬಂತು. ಅದಕ್ಕೆ ಸರಿಯಾಗಿ ರಾಕ್ಷಸರೂ ಬೆಳೆದರು. ಒಂದು ದಾಳ ತಪ್ಪಿದರೆ ಒಬ್ಬರು ಸಾಯುವಂತಾಯಿತು. ಎಲ್ಲರೂ ಹಲ್ಲು ಕಚ್ಚಿಕೊಂಡು ಆಡತೊಡಗಿದರು, ಬಜ್ಜಿ ಆರಿಹೋಗುತ್ತಿತ್ತು. ಎರಡು ವಾರದಲ್ಲಿ ಉಡುಪಿಯ ಹುಡುಗಿಯೇ, "ಮೊದಲಿನ ಹಾಗೆ ಮಾಡುವ, ಇದು ಆಫೀಸಿಗಿಂತ ಕಡೆ ಆಯಿತು," ಎಂದಳು. ಅಲ್ಲಿಗೆ ನನ್ನ ಉಪಾಯ ಮುಗಿಯಿತು.

ಕ್ಯಾಂಟೀನಿನಲ್ಲಿ ಸೂತ್ರಧಾರರು ಇನ್ನೊಂದು ಮಾತು ಹೇಳಿದ್ದರು. "ನಿಮ್ಮ ತಮ್ಮನಷ್ಟು ತಲೆ ಇರೋನು ನಮ್ಮ ಟೀಮಲ್ಲಿ ಒಬ್ಬನೂ ಇಲ್ಲ. ನಾನು ಮೇಲಿನವರ ಹತ್ರ ಮಾತಾಡ್ತೀನಿ." ಮಾತಾಡಿದರು ಕೂಡ. ತಮ್ಮನನ್ನು ಸಂದರ್ಶನಕ್ಕೆ ಕರೆದರು. ಆಗಿನ್ನೂ ಅವನಲ್ಲಿ ಆ ಶನಿವಾರಗಳ ಕಾವು ಉಳಿದಿತ್ತು. ಮೊದಲ ಬಾರಿಗೆ ಅವನು ಬಾಯಿಬಿಟ್ಟು ಮಾತಾಡಿದ. ಕೊನೆಯ ಸುತ್ತನ್ನೂ ದಾಟಿದ. ಕೆಲಸ ಖಾಯಂ, ಸೇರುವ ದಿನ ತಿಳಿಸುತ್ತೇವೆ ಎಂದು ಕೈ ಕುಲುಕಿ ಕಳಿಸಿದರು. ಅವ್ವ ಪಕ್ಕದ ಮನೆಗೆ ಒಂದು ಬಟ್ಟಲು ಗೋಧಿ ಹುಗ್ಗಿ ಕೊಟ್ಟುಬಂದಳು. ಅಪ್ಪ ಹೊಸ ಬೂಟು ಕೊಡಿಸಲು ಅವನನ್ನು ತಾವೇ ಕರೆದುಕೊಂಡು ಹೋದರು.

ಆ ದಿನ ಬರಲೇ ಇಲ್ಲ. ಮೊದಲು ಮುಂದಿನ ತಿಂಗಳು ಎಂದರು. ಆಮೇಲೆ ಅಮೆರಿಕದ ಗ್ರಾಹಕರೊಬ್ಬರು ಕೈಬಿಟ್ಟರು ಎಂಬ ಸುದ್ದಿ ಬಂತು. ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ನಮ್ಮಲ್ಲಿಯೇ ಕೆಲವರು ಕೆಲಸವಿಲ್ಲದೆ ಬೆಂಚಿನ ಮೇಲೆ ಕೂತರು. ಸಂಜೆ ನಾನು ಮನೆಗೆ ಬಂದಾಗ ತಮ್ಮ ಕಣ್ಣಿನಲ್ಲಿಯೇ ಕೇಳುತ್ತಿದ್ದ. ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಸ್ವಲ್ಪ ದಿನವಾದ ಮೇಲೆ ಅವನು ನನ್ನ ಕಡೆ ನೋಡುವುದನ್ನು ಬಿಟ್ಟ.

ಅದೇ ವಾರಗಳಲ್ಲಿ ಮಂತ್ರವೂ ಕುಗ್ಗುತ್ತ ಬಂತು. ದಿನಕ್ಕೊಂದೇ ಸಲ. ತೆಳು ಗೋಡೆ ಮಾತ್ರ. ಕೊನೆಗೆ ಆ ಬಾಗಿಲಿನಲ್ಲಿ ಒಂದು ಬೆಕ್ಕು ನುಸುಳಬಹುದಾದಷ್ಟೇ ಜಾಗ ಉಳಿಯಿತು. ಆಟ ಈಗ ನಿಜವಾಗಿಯೂ ಚೆನ್ನಾಗಿ ಸಾಗುತ್ತಿತ್ತು, ಇದನ್ನು ಒಪ್ಪಿಕೊಳ್ಳಲೇಬೇಕು. ಉಡುಪಿಯ ಹುಡುಗಿ ಕತ್ತಿ ಬೀಸಿ ಕೂಗುತ್ತಿದ್ದಳು, ಕಳ್ಳ ಬೀಗ ತೆಗೆದು ಎದೆ ಉಬ್ಬಿಸುತ್ತಿದ್ದ, ನನ್ನ ಬಾಣಗಳೂ ಒಂದೆರಡು ತಾಗುತ್ತಿದ್ದವು. ಎಲ್ಲರಿಗೂ ಸಮನಾದ ಪಾಲು ಸಿಕ್ಕಿತ್ತು. ಮಾಂತ್ರಿಕ ಹಿಂದಿನಿಂದ ದೀಪ ಹಿಡಿದುಕೊಂಡು ಬರುತ್ತಿದ್ದ.

"ನಿಮ್ಮ ಸರದಿ," ಎಂದು ಸೂತ್ರಧಾರರು ಹೇಳಿದರೆ, "ದೀಪಾ ಹಿಡಕೊಂಡು ನಿಂತಿರ್ತೀನ್ರಿ," ಎನ್ನುತ್ತಿದ್ದ. ಕೈಯೆತ್ತುವುದನ್ನು ನಿಲ್ಲಿಸಿದ್ದ.

ಸೂತ್ರಧಾರರು ಒಳ್ಳೆಯ ಮನುಷ್ಯ. ಅವರಿಗೆ ಇದು ಕಾಣದೆ ಇರಲಿಲ್ಲ. ಒಂದು ಶನಿವಾರ ಅವರು ಹೊಸ ಕಥೆ ಕಟ್ಟಿ ತಂದರು. ನಾವು ಒಂದು ಬಂದೀಖಾನೆಯಲ್ಲಿ ಸಿಕ್ಕಿಬಿದ್ದಿದ್ದೆವು. ಕಬ್ಬಿಣದ ಕದ, ಅದಕ್ಕೆ ಮಂತ್ರ ಹಾಕಿದ ಬೀಗ. ಕತ್ತಿಯಿಂದ ಆಗುವುದಿಲ್ಲ, ಅದರದೇ ಕೀಲಿಯಿಲ್ಲದೆ ಕಳ್ಳನಿಗೂ ಬಗ್ಗುವುದಿಲ್ಲ. ಪಕ್ಕದಲ್ಲಿ ಒಂದು ಹಲಗೆಯ ಗೋಡೆ, ತೆಳುವಾದದ್ದು. ಅದರ ಆಚೆ ಗೋಡೆಗೆ ಒತ್ತಿಕೊಂಡೇ ಕಾವಲುಗಾರ ನಿದ್ದೆ ಮಾಡುತ್ತಿದ್ದಾನೆ, ಅವನ ಸೊಂಟದಲ್ಲಿ ಕೀಲಿಕೈ, ಹಲಗೆ ಒಡೆದರೆ ಎಚ್ಚರಾಗುತ್ತಾನೆ. ಸೂತ್ರಧಾರರು ಇದನ್ನೆಲ್ಲ ನಿಧಾನವಾಗಿ ವರ್ಣಿಸಿ, "ಬೆಕ್ಕು ನುಸುಳುವಷ್ಟು ಜಾಗ ಇದ್ರೆ ಸಾಕಿತ್ತು, ಕೈ ಹಾಕಿ ಕೀಲಿ ತೆಗೀಬಹುದಿತ್ತು," ಎಂದರು. ಹೇಳಿ ತಮ್ಮನ ಕಡೆ ನೋಡದ ಹಾಗೆ ದಾಳಗಳನ್ನು ಜೋಡಿಸತೊಡಗಿದರು.

ನಾವೆಲ್ಲ ತಮ್ಮನ ಕಡೆ ತಿರುಗಿದೆವು. ಉಡುಪಿಯ ಹುಡುಗಿ ನಗುತ್ತ, "ಹ್ಞಾಂ, ಈಗ ನಿನ್ನದೇ ಕೆಲಸ ಮಾರಾಯ," ಎಂದಳು. ಮನಸ್ಸಿನಿಂದಲೇ ಅಂದಳು.

 ವಿಮಾನವೊಂದು ಬಂತು, ಹೋಯಿತು.

"ಸರ್," ಎಂದ ತಮ್ಮ. "ಈ ಹಲಗಿ ಗೋಡಿ ನನ್ನ ಸಲುವಾಗೇ ಇಟ್ಟೀರೇನ್ರಿ?"

ಸೂತ್ರಧಾರರಿಗೆ ಸುಳ್ಳು ಹೇಳಲು ಆಗಲಿಲ್ಲ. "ಹೌದು," ಎಂದರು. "ನೀವು ಮತ್ತೆ ಆಡಲಿ ಅಂತ."

"ಉಪಕಾರ ಆತ್ರಿ," ಎಂದ ತಮ್ಮ. ಅದರಲ್ಲಿ ಕೊಂಕಿರಲಿಲ್ಲ. ದಾಳ ಎತ್ತಿಕೊಂಡು ಉರುಳಿಸಿದ. ದೊಡ್ಡ ಸಂಖ್ಯೆಯೇ ಬಿತ್ತು. ಬಾಗಿಲು ಮೂಡಿತು, ಕೀಲಿ ಸಿಕ್ಕಿತು, ನಾವು ಹೊರಬಂದೆವು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಗತ್ಯಕ್ಕಿಂತ ಜೋರಾಗಿ. ಸಂಬಂಧಿಕರ ಮನೆಯಲ್ಲಿ ಬಡ ಹುಡುಗನ ಹಾಡಿಗೆ ತಟ್ಟುತ್ತಾರಲ್ಲ, ಹಾಗೆ. ಆಟ ಮುಗಿಯುವವರೆಗೆ ಅವನು ಕೂತಿದ್ದ. ಎಲ್ಲರ ಚಹಾ ಲೋಟಗಳನ್ನು ಒಳಗೆ ಒಯ್ದಿಟ್ಟ. ಮುಂದಿನ ಶನಿವಾರ ನಾನು ತಯಾರಾಗಿ ನಿಂತಾಗ, "ನೀ ಹೋಗಿ ಬಾ," ಎಂದ.

"ಯಾಕೋ? ಬಾರೋ, ಎಲ್ಲಾರೂ ಕಾಯ್ತಿರ್ತಾರ."

"ಯಾರೂ ಕಾಯಾಂಗಿಲ್ಲಕ್ಕಾ. ನಾ ಇಲ್ಲದಿದ್ರ ದೀಪ ನೀ ಹಿಡೀಬಹುದು."

ನಾನು ಹೋಗಲಿಲ್ಲ. ಅವನ ಪಕ್ಕ ಕೂತೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ಹಳೆಯ ಹಾಗೆಯೇ. ಅವ್ವ ಬಾಗಿಲಲ್ಲಿ ಬಂದು ನೋಡಿ ಹೋದಳು, ಇನ್ನೊಮ್ಮೆ ಬಂದಳು. "ಏನಾತ?" ಎಂದು ಕೇಳಿದಳು. ಏನಾಯಿತು ಎಂದು ಹೇಳುವುದು? ಆಟದಲ್ಲಿ ಒಂದು ಮಂತ್ರ ಜಾಸ್ತಿಯಾಗಿತ್ತು, ಅದನ್ನು ಕಡಿಮೆ ಮಾಡಿದರು ಎಂದರೆ ಅವಳಿಗೆ ಏನು ತಿಳಿದೀತು? ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತಿತ್ತು. ಅದು ಕಾರಣವೇ ಅಲ್ಲ ಎಂದರೂ ಸುಳ್ಳಾಗುತ್ತಿತ್ತು.

ಕೆಲವು ವಾರಗಳ ನಂತರ ಒಂದು ಭಾನುವಾರ ಬೆಳಿಗ್ಗೆ ಸೂತ್ರಧಾರರು ಹೇಳದೆ ಕೇಳದೆ ಮಲ್ಕಾಜ್‌ಗಿರಿಗೆ ಬಂದರು. ಅಪ್ಪ ಸಂಕೋಚದಿಂದ ಕುರ್ಚಿ ಒರೆಸಿ ಕೊಟ್ಟರು. ಮಗನಿಗೆ ಕೆಲಸದ ಸುದ್ದಿ ತಂದಿರಬಹುದು ಎಂದು ಅವರಿಗೆ ಅನಿಸಿತ್ತು. ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ಬಂದು ಎದುರಿಗೆ ನೆಟ್ಟಗೆ ಕೂತರು. ಅವ್ವ ಅವಲಕ್ಕಿ ಕಲಸಿದಳು. ತಮ್ಮ ಕೋಣೆಯಿಂದ ಹೊರಗೆ ಬಂದ. ಗಡ್ಡ ಬೆಳೆದಿತ್ತು. ನಮಸ್ಕಾರ ಮಾಡಿ ಗೋಡೆಗೆ ಒರಗಿ ನಿಂತ.

"ನಾನು ಯೋಚನೆ ಮಾಡಿದೆ," ಎಂದರು ಸೂತ್ರಧಾರರು. "ಮಂತ್ರವನ್ನ ಮೊದಲಿನ ಹಾಗೇ ವಾಪಸ್ ಕೊಡ್ತೀನಿ. ನೆಲ, ಮಾಳಿಗೆ, ಎಲ್ಲ ಸೇರಿ. ಉಳಿದವರೂ ಒಪ್ಪಿದ್ದಾರೆ. ನೀವು ಬನ್ನಿ."

ಅಪ್ಪ ಅವರ ಮುಖವನ್ನೂ ಮಗನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. ಅವರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಕೆಲಸದ ಮಾತಲ್ಲ ಎನ್ನುವುದು ಮಾತ್ರ ತಿಳಿಯಿತು. ಅವರ ಬೆನ್ನು ನಿಧಾನವಾಗಿ ಬಾಗಿದ್ದನ್ನು ನಾನು ನೋಡಿದೆ.

"ಬ್ಯಾಡ್ರಿ ಸರ್," ಎಂದ ತಮ್ಮ. "ನೀವ್ ಮಾಡಿದ್ದ ಸರಿ ಐತಿ. ಅದು ಹಂಗ ಇದ್ರ ಆಟ ಕೆಡತೈತಿ."

"ಕೆಟ್ಟರೆ ಕೆಡಲಿ ಬಿಡಿ."

"ಹಂಗನಬ್ಯಾಡ್ರಿ. ನಾ ಒಬ್ಬಾಂವ ಇದ್ರ ಮೂರು ಮಂದಿ ಸುಮ್ನ ಕುಂದರಬೇಕು. ನಾ ಇಲ್ಲದಿದ್ರ ಮೂರೂ ಮಂದಿ ಆಡ್ತಾರ. ಇದು ಯಾರಿಗಾದ್ರೂ ತಿಳಿಯೂ ಲೆಕ್ಕಾರಿ."

ಅವನ ದನಿಯಲ್ಲಿ ಕೋಪವಿದ್ದಿದ್ದರೆ ಸೂತ್ರಧಾರರು ಏನಾದರೂ ಹೇಳುತ್ತಿದ್ದರೇನೋ. ಅವಲಕ್ಕಿಯನ್ನು ಅರ್ಧ ತಿಂದು ಎದ್ದರು. ಅವರನ್ನು ಸ್ಟೇಷನ್ನಿನವರೆಗೆ ಬಿಡಲು ನಾನು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು, "ನಾನು ಏನು ಮಾಡಬೇಕಿತ್ತು ಹೇಳಿ," ಎಂದು ಕೇಳಿದರು. ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು.   ಅವರು ತಪ್ಪು ಮಾಡಿದ್ದರೆ ಅವರನ್ನು ದ್ವೇಷಿಸಿಕೊಂಡು ನಾನು ಸಮಾಧಾನವಾಗಿರುತ್ತಿದ್ದೆ.

ಆ ಆಟ ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಕಂಪನಿಯಲ್ಲಿ ಜನರನ್ನು ಕಳಿಸತೊಡಗಿದರು. ವಾರಂಗಲ್ಲಿನವನು ಮೊದಲು ಹೋದ. ಉಡುಪಿಯ ಹುಡುಗಿ ಊರಿಗೆ ಹೋಗಿ ಬ್ಯಾಂಕಿನ ಪರೀಕ್ಷೆ ಬರೆದಳು. ಸೂತ್ರಧಾರರು ಮತ್ತೆ ಅಮೆರಿಕಕ್ಕೆ ಹೋದರು, ಅಲ್ಲಿಯೇ ನೆಲೆಸಿದರು. ನನಗೆ ಬೇರೆಡೆ ಕೆಲಸ ಸಿಕ್ಕಿತು. ಮುಂದೆ ಮತ್ತೆ ಒಳ್ಳೆಯ ಕಾಲ ಬಂತು, ಊರು ಪಶ್ಚಿಮಕ್ಕೆ ಬೆಳೆಯಿತು, ಗಾಜಿನ ಕಟ್ಟಡಗಳು ಎದ್ದವು, ಅಮೀರ್‌ಪೇಟೆಯಲ್ಲಿ ಹೊಸ ಹುಡುಗರು ತುಂಬಿಕೊಂಡರು. ತಮ್ಮನಿಗೆ ಅಷ್ಟರಲ್ಲಿ ವಯಸ್ಸು ಮೀರಿತ್ತು. ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಕೆಲವು ತಿಂಗಳು ಒಂದು ಕಾಲ್ ಸೆಂಟರಿಗೆ ಹೋದ. ಸ್ವಲ್ಪ ದಿನ ಹುಡುಗರಿಗೆ ಗಣಿತ ಹೇಳಿಕೊಟ್ಟ. ಎಲ್ಲಿಯೂ ಜಗಳವಾಡಿ ಬಿಡಲಿಲ್ಲ. ಒಂದು ದಿನ ಹೋಗುವುದನ್ನು ನಿಲ್ಲಿಸುತ್ತಿದ್ದ, ಅಷ್ಟೆ.

ಅಪ್ಪ ನಿವೃತ್ತರಾದ ಮೇಲೆ ಅದೇ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಮಾಡಿದರು. ಅವರೂ ಹೋದರು, ಅವ್ವನೂ ಹೋದಳು. ನಾನು ಮದುವೆಯಾಗಲಿಲ್ಲ. ತಮ್ಮನಿಗಾಗಿ ತ್ಯಾಗ ಮಾಡಿದೆ ಎಂದು ಬಂಧುಗಳು ಆಡಿಕೊಳ್ಳುತ್ತಾರೆ. ಹಾಗೇನೂ ಇಲ್ಲ. ಆಗಲಿಲ್ಲ, ಅಷ್ಟೆ. ಈಗ ನಾವಿಬ್ಬರೇ ಇದ್ದೇವೆ.

ತಿಂಗಳಿಗೊಮ್ಮೆ ಅವನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಹೇಗಿದ್ದೀರಿ ಎಂದರೆ ಯಾವಾಗಲೂ "ಆರಾಮ" ಎನ್ನುತ್ತಾನೆ. ಕಳೆದ ಸಲ ಹೊಸ ಡಾಕ್ಟರೊಬ್ಬಳು ಇದ್ದಳು, ಚಿಕ್ಕ ವಯಸ್ಸು. ಅವಳು ಹಿಂದಿಯಲ್ಲಿ, ನೀವು ಯಾವತ್ತಾದರೂ ತುಂಬಾ ಇಷ್ಟಪಟ್ಟು ಮಾಡಿದ್ದು ಏನಾದರೂ ಇದೆಯೇ ಎಂದು ಕೇಳಿದಳು. ಅವನು ಬಹಳ ಹೊತ್ತು ಯೋಚಿಸಿದ. ನಾನು ಪಕ್ಕದ ಕುರ್ಚಿಯಿಂದ ಅವನ ಬಾಯಿಯನ್ನೇ ನೋಡುತ್ತಿದ್ದೆ. "ನೆನಪಿಲ್ಲ" ಎಂದ. ಮರೆತು ಅಂದನೋ, ನೆನಪಿದ್ದೂ ಹಾಗಂದನೋ ನನಗೆ ಗೊತ್ತಾಗಲಿಲ್ಲ. ಆ ಶನಿವಾರಗಳ ಮಾತನ್ನು ನಾನು ಹೇಳಬಹುದಿತ್ತು. ಅವನ ಮುಖ ನೋಡಿ ಸುಮ್ಮನಾದೆ. ಅವಳು ಮಾತ್ರೆ ಬದಲಿಸಿ ಬರೆದುಕೊಟ್ಟಳು.

ವಾಪಸ್ ಬರುವಾಗ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಮಾತ್ರೆಯ ಅಮಲಿಗೋ ಏನೋ ಅವನು ಕೂತಲ್ಲೇ ತೂಕಡಿಸಿದ. ತಲೆಯಲ್ಲಿ ಬಿಳಿ ಕೂದಲು ನನಗಿಂತ ಹೆಚ್ಚಾಗಿದೆ. ಸ್ಟೇಷನ್ ಬಂದಾಗ ಭುಜ ಮುಟ್ಟಿ ಎಬ್ಬಿಸಿದೆ. ಎಲ್ಲಿದ್ದೇನೆ ಎಂದು ತಿಳಿಯದವನಂತೆ ಒಮ್ಮೆ ನನ್ನನ್ನು ನೋಡಿ, ಏನೂ ಕೇಳದೆ ಎದ್ದು ಇಳಿದ.